ಪಾಸ್‌ಬುಕ್, ಮೊಬೈಲು, ನೋಟಿಸು

ತಾಲ್ಲೂಕು ಕೇಂದ್ರವೊಂದರಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಮಹಿಳೆಯೊಬ್ಬರನ್ನು ಕಲ್ಪಿಸಿಕೊಳ್ಳಿ. ಹೆಸರು ಶಾಂತಮ್ಮ ಎಂದಿಟ್ಟುಕೊಳ್ಳೋಣ. ಕೋರ್ಟಿನ ಎದುರಿಗಿರುವ ವಕೀಲರ ಕಚೇರಿಗೆ ಬಂದ ಅವರು ಕೈಚೀಲದಿಂದ ಮೂರು ವಸ್ತು ತೆಗೆದು ಮೇಜಿನ ಮೇಲಿಡುತ್ತಾರೆ. ಒಂದು ಬ್ಯಾಂಕಿನ ಪಾಸ್‌ಬುಕ್, ಇನ್ನೊಂದು ಗಾಜು ಬಿರುಕುಬಿಟ್ಟ ಮೊಬೈಲು, ಮತ್ತೊಂದು ರಿಜಿಸ್ಟರ್ಡ್ ಅಂಚೆಯಲ್ಲಿ ಬಂದ ನೋಟಿಸು. "ಮೇಡಂ, ಚೆಕ್ ಬೌನ್ಸ್ ಕೇಸಂತೆ. ಜೈಲಾಗುತ್ತಾ?" ಎಂಬುದು ಅವರ ಮೊದಲ ಮಾತು.

ಕಥೆ ಇಷ್ಟು. ಓವರ್‌ಲಾಕ್ ಮಷೀನ್ ಕೊಳ್ಳಲು ಅವರು ಒಂದು ಲಕ್ಷ ರೂಪಾಯಿ ಸಾಲ ಮಾಡಿದ್ದರು. ವರ್ಷಕ್ಕೆ ನೂರಕ್ಕೆ 12ರ ಬಡ್ಡಿ, 24 ಕಂತು, ತಿಂಗಳಿಗೆ 5,167 ರೂಪಾಯಿ. ಭದ್ರತೆಗೆಂದು ಸಹಿ ಹಾಕಿದ ಖಾಲಿ ಚೆಕ್ ಕೊಟ್ಟಿದ್ದರು. ಒಂಬತ್ತು ಕಂತು ಸರಿಯಾಗಿ ಕಟ್ಟಿದರು. ಆಮೇಲೊಂದು ದಿನ ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ ಎಂದು ಯಾರೋ ಫೋನ್ ಮಾಡಿದರು. ಅವರು ಹೇಳಿದಂತೆ ಒಂದು ಆ್ಯಪ್ ಹಾಕಿಕೊಂಡದ್ದೇ ತಡ, ಖಾತೆಯಲ್ಲಿದ್ದ 38,000 ರೂಪಾಯಿ ಹೊರಟುಹೋಯಿತು. ಮುಂದಿನ ಕಂತುಗಳು ತಪ್ಪಿದವು. ಸಾಲ ಕೊಟ್ಟವರು ಖಾಲಿ ಚೆಕ್ಕಿಗೆ 1,24,000 ಎಂದು ಬರೆದು ಬ್ಯಾಂಕಿಗೆ ಹಾಕಿದರು. ಖಾತೆಯಲ್ಲಿ ಹಣವಿಲ್ಲದೆ ಚೆಕ್ ವಾಪಸಾಯಿತು, ನೋಟಿಸು ಬಂತು.

ಶಾಂತಮ್ಮನವರ ಪಾಲಿಗೆ ಇದು ಒಂದೇ ಕಷ್ಟ. ಕಾನೂನಿನ ಪುಸ್ತಕದಲ್ಲಿ ಮಾತ್ರ ಇದು ಮೂರು ಬೇರೆ ಬೇರೆ ಕಪಾಟುಗಳಲ್ಲಿದೆ. ವಕೀಲರೊಬ್ಬರ ಪರಿಚಯದಲ್ಲಿ 'ತಂತ್ರಜ್ಞಾನ, ಹಣಕಾಸು ಮತ್ತು ಸಮುದಾಯ ಸೇವೆಯಲ್ಲಿ ಅನುಭವ' ಎಂಬ ಸಾಲು ಕಂಡರೆ ಅದನ್ನು ಅಲಂಕಾರವೆಂದು ದಾಟಿಕೊಂಡು ಹೋಗುವವರೇ ಹೆಚ್ಚು. ಆ ಅನುಭವ ಕೆಲಸಕ್ಕೆ ಬರುವುದು ಎಲ್ಲಿ, ಹೇಗೆ ಎಂಬುದನ್ನು ಈ ಮೂರು ವಸ್ತುಗಳನ್ನು ಇಟ್ಟುಕೊಂಡೇ ನೋಡಬಹುದು.

ಮೊದಲು ಮೊಬೈಲು. ವಂಚನೆಯಾದ ಕೂಡಲೇ ಮನೆಯಲ್ಲಿ ಯಾರಾದರೊಬ್ಬರು "ಫೋನನ್ನೇ ರಿಸೆಟ್ ಮಾಡಿಬಿಡಿ" ಎಂದು ಸಲಹೆ ಕೊಡುತ್ತಾರೆ. ತಂತ್ರಜ್ಞಾನ ಬಲ್ಲ ವಕೀಲರು ಮೊದಲು ತಡೆಯುವುದು ಅದನ್ನು. ಫೋನಿನಲ್ಲಿ ಯಾವ ಆ್ಯಪ್ ಕೂತಿದೆ, ಎಸ್‌ಎಂಎಸ್ ಓದಲು ಅದಕ್ಕೆ ಅನುಮತಿ ಸಿಕ್ಕಿತ್ತೇ, ಹಣ ಹೋದ ಸಂದೇಶ ಎಷ್ಟು ಗಂಟೆಗೆ ಬಂತು ಎಂಬುದೆಲ್ಲ ಆ ಫೋನಿನಲ್ಲೇ ಇದೆ. "ನಾನು ಓಟಿಪಿ ಯಾರಿಗೂ ಹೇಳಲಿಲ್ಲ" ಎಂದು ಶಾಂತಮ್ಮ ಹೇಳಿದರೆ, ಅದು ಸುಳ್ಳಾಗಿರಲೇಬೇಕು ಎಂದೇನಿಲ್ಲ. ಸಂದೇಶ ಓದುವ ಅನುಮತಿ ಪಡೆದ ಆ್ಯಪ್, ಬಾಯಿಬಿಟ್ಟು ಹೇಳದ ಓಟಿಪಿಯನ್ನೂ ಕದಿಯಬಲ್ಲದು. ಈ ಒಂದು ಸಂಗತಿ ಗೊತ್ತಿರುವ ವಕೀಲರು ಕಕ್ಷಿದಾರರ ಮಾತನ್ನು ನಂಬಿ ಮುಂದಿನ ಪ್ರಶ್ನೆ ಕೇಳುತ್ತಾರೆ. ಗೊತ್ತಿಲ್ಲದವರು ಅಲ್ಲಿಯೇ ಕೈಚೆಲ್ಲುತ್ತಾರೆ.

ಮುಂದಿನ ಪ್ರಶ್ನೆ ಬ್ಯಾಂಕಿಗೆ. ಗ್ರಾಹಕರ ಒಪ್ಪಿಗೆಯಿಲ್ಲದೆ ನಡೆಯುವ ಡಿಜಿಟಲ್ ವ್ಯವಹಾರಗಳ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಸುತ್ತೋಲೆ ಹೊರಡಿಸಿತು. ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕರದ್ದೂ ಅಲ್ಲ, ವ್ಯವಸ್ಥೆಯ ಬೇರೆಲ್ಲೋ ಇದೆ ಎಂದಾದರೆ, ಹಣ ಹೋದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರಿಗೆ ನಷ್ಟದ ಹೊಣೆ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಹೊಣೆಗೆ ಮಿತಿಯುಂಟು. ಗ್ರಾಹಕರೇ ಪಾಸ್‌ವರ್ಡ್ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದ್ದು, ತಿಳಿಸಿದ ಮೇಲಿನದು ಬ್ಯಾಂಕಿನದು. ಇದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಹೊಣೆ ಗ್ರಾಹಕರದ್ದೇ ಎಂದು ಸಾಬೀತು ಮಾಡುವ ಭಾರವನ್ನು ಈ ಸುತ್ತೋಲೆ ಬ್ಯಾಂಕಿನ ಮೇಲೆ ಹೊರಿಸಿದೆ. ಆದ್ದರಿಂದ ವಕೀಲರು ಬ್ಯಾಂಕನ್ನು ಕೇಳಬಹುದು: ಆ ದಿನ ಲಾಗಿನ್ ಆದದ್ದು ಯಾವ ಸಾಧನದಿಂದ, ಯಾವ ಐಪಿ ವಿಳಾಸದಿಂದ? ಶಾಂತಮ್ಮನವರು ಎಂದಿಗೂ ಬಳಸದ ಫೋನಿನಿಂದ ಹಣ ಹೋಗಿದ್ದರೆ ಅದರ ಗುರುತು ಬ್ಯಾಂಕಿನ ಕಂಪ್ಯೂಟರಿನಲ್ಲಿ ಇರುತ್ತದೆ. ಇಂಥ ದಾಖಲೆಯೊಂದು ಇದೆ ಎಂದು ತಿಳಿಯದವರು ಅದನ್ನು ಕೇಳುವುದಾದರೂ ಹೇಗೆ?

ಇಂಥ ವಾದ ಕಾಗದದ ಮೇಲಷ್ಟೇ ಗೆಲ್ಲುತ್ತದೆ ಎಂದು ತಿಳಿಯಬೇಡಿ. ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆ ಹಿಂದಿರುಗಿಸಲು ಹೋಗಿ, ನಕಲಿ ಕರೆಗೆ ಸಿಕ್ಕಿ 94,204 ರೂಪಾಯಿ ಕಳೆದುಕೊಂಡ ಅಸ್ಸಾಮಿನ ಗ್ರಾಹಕರೊಬ್ಬರು ತಕ್ಷಣ ಬ್ಯಾಂಕಿಗೆ ದೂರು ಕೊಟ್ಟಿದ್ದರು. ಗುವಾಹಟಿ ಹೈಕೋರ್ಟ್ ಅವರ ಪರ ನಿಂತಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲು ಒಪ್ಪಲಿಲ್ಲ. ಬ್ಯಾಂಕ್ ಹಣ ತುಂಬಿಕೊಡಬೇಕಾಯಿತು.

ಇನ್ನು ಮೊಬೈಲಿನಲ್ಲಿ ಇರುವುದನ್ನು ಕೋರ್ಟಿನ ಮುಂದೆ ಇಡುವ ವಿಧಾನ. ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಪಿನ್ನು ಹಾಕಿದರೆ ಸಾಕ್ಷ್ಯವಾಗುವುದಿಲ್ಲ. ಕಂಪ್ಯೂಟರ್ ದಾಖಲೆಯ ಪ್ರತಿಯೊಂದಿಗೆ, ಅದನ್ನು ಯಾವ ಸಾಧನದಿಂದ, ಹೇಗೆ ತೆಗೆಯಲಾಯಿತು ಎಂದು ಹೇಳುವ ಪ್ರಮಾಣಪತ್ರ ಇರಬೇಕು. ಕೇರಳದ ಚುನಾವಣಾ ತಕರಾರಿನಿಂದ ಹುಟ್ಟಿದ ಅನ್ವರ್ ಮತ್ತು ಬಷೀರ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೇ ಇದನ್ನು ಖಚಿತಪಡಿಸಿತು. ಅರ್ಜಿದಾರರು ಸಿ.ಡಿ.ಗಳನ್ನು ಹಾಜರುಪಡಿಸಿದ್ದರು, ಆದರೆ ಪ್ರಮಾಣಪತ್ರ ಲಗತ್ತಿಸಿರಲಿಲ್ಲ. ಸಿ.ಡಿ.ಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಹೋಗುವ ಮೊದಲೇ ಅವು ಸಾಕ್ಷ್ಯದಿಂದ ಹೊರಬಿದ್ದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಈಗ ಪ್ರಮಾಣಪತ್ರದಲ್ಲಿ ಎರಡು ಭಾಗ. ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಎರಡರಲ್ಲೂ 'ಹ್ಯಾಶ್' ಮೌಲ್ಯ ನಮೂದಿಸಬೇಕು.

ಹ್ಯಾಶ್ ಎಂದರೆ ಕಡತದ ಹೆಬ್ಬೆರಳ ಗುರುತು. ಒಂದು ಕಡತವನ್ನು ಎಸ್‌ಎಚ್‌ಎ-256 ಎಂಬ ಲೆಕ್ಕಾಚಾರದಲ್ಲಿ ಹಾಯಿಸಿದರೆ 64 ಅಕ್ಷರ-ಅಂಕಿಗಳ ಸಾಲೊಂದು ಹೊರಬರುತ್ತದೆ. ಅದೇ ಕಡತವನ್ನು ಎಷ್ಟು ಸಲ ಹಾಯಿಸಿದರೂ ಅದೇ ಸಾಲು. ಒಳಗೆ ಒಂದು ಅಲ್ಪವಿರಾಮ ಬದಲಾದರೂ ಸಾಲು ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ಅಂದು ತೆಗೆದ ರೆಕಾರ್ಡಿಂಗೇ ಇಂದು ಕೋರ್ಟಿಗೆ ಬಂದಿದೆ, ನಡುವೆ ಯಾರೂ ತಿದ್ದಿಲ್ಲ ಎಂದು ನಂಬಲು ಇದೇ ಆಧಾರ. ಸಾಕ್ಷಿಯ ಪಾಟೀ ಸವಾಲಿನಲ್ಲಿ "ಹ್ಯಾಶ್ ತೆಗೆದದ್ದು ಯಾವಾಗ, ಫೋನ್ ವಶಪಡಿಸಿಕೊಂಡಾಗಲೋ, ಮೂರು ತಿಂಗಳ ನಂತರವೋ?" ಎಂಬ ಒಂದೇ ಪ್ರಶ್ನೆಯಿಂದ ಪ್ರಕರಣದ ದಿಕ್ಕು ಬದಲಾಗಬಹುದು. ಅದನ್ನು ಕೇಳಲು ವಕೀಲರು ಪ್ರೋಗ್ರಾಂ ಬರೆಯಬೇಕಿಲ್ಲ. ಗುರುತು ಯಾವಾಗ ಒತ್ತಿದ್ದು ಎಂಬುದು ಏಕೆ ಮುಖ್ಯ ಎಂದು ತಿಳಿದಿದ್ದರೆ ಸಾಕು.

ತಂತ್ರಜ್ಞಾನವನ್ನು ಅರೆಬರೆ ನಂಬುವ ಅಪಾಯವೂ ಉಂಟು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಉಲ್ಲೇಖಿಸಿ 5,000 ಡಾಲರ್ ದಂಡ ತೆತ್ತರು. ಇಂಥ ಯಂತ್ರ ಪದದ ಮುಂದೆ ಪದ ಹೊಂದಿಸುತ್ತ ಹೋಗುತ್ತದೆ, ತೀರ್ಪಿನ ಸಂಪುಟವನ್ನು ತೆರೆದು ನೋಡಿ ಹೇಳುವುದಿಲ್ಲ ಎಂಬ ಸರಳ ತಿಳಿವಳಿಕೆ ಇದ್ದಿದ್ದರೆ ಆ ಮುಜುಗರ ತಪ್ಪುತ್ತಿತ್ತು.

ಈಗ ಪಾಸ್‌ಬುಕ್. ಇದರಲ್ಲಿ ಎರಡು ಸತ್ಯಗಳು ಅಡಗಿವೆ. ಒಂದು, ಬಡ್ಡಿಯದು. ಒಂದು ಲಕ್ಷಕ್ಕೆ ನೂರಕ್ಕೆ 12ರಂತೆ ಎರಡು ವರ್ಷಕ್ಕೆ 24,000 ಬಡ್ಡಿ, ಒಟ್ಟು 1,24,000, ಅದನ್ನು 24ರಿಂದ ಭಾಗಿಸಿ ಕಂತು. ಇದನ್ನು ಫ್ಲಾಟ್ ಬಡ್ಡಿ ಎನ್ನುತ್ತಾರೆ. ಆದರೆ ಶಾಂತಮ್ಮ ತಿಂಗಳು ತಿಂಗಳೂ ಅಸಲನ್ನೂ ಸ್ವಲ್ಪ ಸ್ವಲ್ಪ ತೀರಿಸುತ್ತ ಬಂದಿದ್ದಾರಲ್ಲ? ಒಂದು ಲಕ್ಷ ಪೂರ್ತಿಯಾಗಿ ಅವರ ಕೈಯಲ್ಲಿ ಇದ್ದದ್ದು ಮೊದಲ ತಿಂಗಳು ಮಾತ್ರ. ಕೊನೆಯ ತಿಂಗಳಲ್ಲಿ ಉಳಿದಿರುವ ಅಸಲು ಐದು ಸಾವಿರ ಚಿಲ್ಲರೆ. ಬಡ್ಡಿ ಮಾತ್ರ ಕೊನೆಯವರೆಗೂ ಒಂದು ಲಕ್ಷದ ಮೇಲೆಯೇ. ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಲೆಕ್ಕ ಹಾಕುವ ಪದ್ಧತಿಗೆ ಈ ಸಾಲವನ್ನು ತಿರುಗಿಸಿದರೆ ದರ ವರ್ಷಕ್ಕೆ ಸುಮಾರು 21.5 ಆಗುತ್ತದೆ. ಹನ್ನೆರಡು ಎಂದು ಕೇಳಿಸಿಕೊಂಡ ಸಾಲದ ನಿಜವಾದ ಬೆಲೆ ಹೆಚ್ಚುಕಡಿಮೆ ಅದರ ಎರಡರಷ್ಟು.

ಇದಕ್ಕಾಗಿಯೇ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಒಂದು ನಿಯಮ ತಂದಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಬ್ಯಾಂಕುಗಳು ಮತ್ತು ನೋಂದಾಯಿತ ಹಣಕಾಸು ಸಂಸ್ಥೆಗಳು, ಶುಲ್ಕಗಳನ್ನೆಲ್ಲ ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಅದರಲ್ಲಿ ಕಾಣಿಸದ ಶುಲ್ಕವನ್ನು ಆಮೇಲೆ ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಹಾಗಾಗಿ ಹಣಕಾಸು ಬಲ್ಲ ವಕೀಲರ ಮೊದಲ ಪ್ರಶ್ನೆ "ಆ ಪತ್ರ ಎಲ್ಲಿ?" ಎಂಬುದು. ಎರಡನೆಯದು, ಸಾಲ ಕೊಟ್ಟವರು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದವರೇ, ಬರೀ ಕೈಸಾಲದ ವ್ಯವಹಾರ ನಡೆಸುವವರೇ ಎಂಬುದು. ಸಣ್ಣ ಸಾಲದ ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದ ಮೇಲೆ ಈ ವ್ಯತ್ಯಾಸದ ಮಹತ್ವ ನಮ್ಮ ರಾಜ್ಯದಲ್ಲಿ ಇನ್ನಷ್ಟು ಹೆಚ್ಚಿದೆ.

ಪಾಸ್‌ಬುಕ್ಕಿನ ಎರಡನೆಯ ಸತ್ಯ ನೋಟಿಸಿಗೆ ಸಂಬಂಧಿಸಿದ್ದು. ಚೆಕ್ ಅಮಾನ್ಯದ ಪ್ರಕರಣ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿಗೆ ಬರುತ್ತದೆ. ಚೆಕ್ ವಾಪಸಾದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸು ಕೊಡಬೇಕು, ನೋಟಿಸು ತಲುಪಿದವರಿಗೆ ಹಣ ಕಟ್ಟಲು 15 ದಿನ ಅವಕಾಶ, ಕಟ್ಟದಿದ್ದರೆ ಆಮೇಲಿನ ಒಂದು ತಿಂಗಳಲ್ಲಿ ದೂರು. ಖಾಲಿ ಚೆಕ್ಕಿಗೆ ಸಹಿ ಮಾಡಿದ್ದೆ ಎಂದ ಮಾತ್ರಕ್ಕೆ ಬಿಡುಗಡೆಯಿಲ್ಲ. ಸಹಿ ಒಪ್ಪಿಕೊಂಡರೆ, ಸಾಲ ಇತ್ತು ಎಂದೇ ಕಾನೂನು ಮೊದಲಿಗೆ ಭಾವಿಸುತ್ತದೆ. ಬಹಳಷ್ಟು ಜನ ಇಲ್ಲಿಗೆ ಸೋತೆವು ಎಂದುಕೊಳ್ಳುತ್ತಾರೆ.

ಆದರೆ ಪಾಸ್‌ಬುಕ್ಕಿನಲ್ಲಿ ಒಂಬತ್ತು ಸಾಲುಗಳಿವೆ, ಒಂದೊಂದರಲ್ಲೂ 5,167. ಚೆಕ್ ಕೊಟ್ಟ ಮೇಲೆ ಕಟ್ಟಿದ್ದು ಸುಮಾರು 46,500. ಬಾಕಿ ಇರುವುದು 77,500. ಚೆಕ್ಕಿನ ಮೇಲೆ ಬರೆದಿರುವುದು 1,24,000. ಚೆಕ್ ಬರೆದುಕೊಟ್ಟ ಮೇಲೆ ಸಾಲದ ಒಂದು ಭಾಗ ಸಂದಾಯವಾಗಿದ್ದು, ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿಕೊಂಡರೆ, ಆ ಚೆಕ್ ಅಂದಿನ ನಿಜವಾದ ಬಾಕಿಯನ್ನು ಪ್ರತಿನಿಧಿಸುವುದಿಲ್ಲ, 138ರ ಅಪರಾಧ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ. ಸಾಲ ಇದರಿಂದ ಮನ್ನಾ ಆಗುವುದಿಲ್ಲ, ಬಾಕಿ ಬಾಕಿಯೇ. ಜೈಲಿನ ಭಯ ಮಾತ್ರ ದೂರವಾಗುತ್ತದೆ. ಅದಕ್ಕೆ ಬೇಕಾದದ್ದು ಒಂದು ಗುಣಾಕಾರ, ಒಂದು ವ್ಯವಕಲನ, ಮತ್ತು ನೋಟಿಸಿಗೆ ಉತ್ತರ ಬರೆಯುವ ಮೊದಲು ಪಾಸ್‌ಬುಕ್ ತೆರೆದು ನೋಡುವ ಅಭ್ಯಾಸ.

ವಕೀಲರು ಲೆಕ್ಕ ಕಲಿಯಬೇಕು ಎಂಬುದು ಹೊಸ ಮಾತಲ್ಲ. 1893ರಲ್ಲಿ ದಾದಾ ಅಬ್ದುಲ್ಲಾ ಕಂಪನಿಯ ಕೆಲಸಕ್ಕೆ ದಕ್ಷಿಣ ಆಫ್ರಿಕಾಕ್ಕೆ ಹೋದ ಗಾಂಧೀಜಿಗೆ, ಆ ಮೊಕದ್ದಮೆಯ ಕಾಗದಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದ 'ಪಿ. ನೋಟ್' ಎಂದರೇನೆಂದೇ ಗೊತ್ತಿರಲಿಲ್ಲ. ನಿಘಂಟಿನಲ್ಲೂ ಸಿಗಲಿಲ್ಲ. ಪ್ರಾಮಿಸರಿ ನೋಟು, ಅಂದರೆ ವಾಗ್ದಾನ ಪತ್ರ, ಎಂದು ಗುಮಾಸ್ತರೊಬ್ಬರು ತಿಳಿಸಿಕೊಟ್ಟರು. ಗಾಂಧೀಜಿ ಲೆಕ್ಕಪತ್ರದ ಪುಸ್ತಕ ಕೊಂಡು ಓದಿದರು. ಇಡೀ ಮೊಕದ್ದಮೆ ನಿಂತಿದ್ದು ಲೆಕ್ಕದ ಮೇಲೆ, ಕೇಳಿದ್ದ ಮೊತ್ತ 40,000 ಪೌಂಡ್. ಲೆಕ್ಕ ಅರ್ಥವಾದ ಮೇಲೆ ತಮ್ಮ ಕಕ್ಷಿ ಗೆಲ್ಲುವುದು ಅವರಿಗೆ ಖಚಿತವಾಯಿತು. ಜೊತೆಗೆ, ಕೋರ್ಟಿನಲ್ಲೇ ಹಟ ಹಿಡಿದರೆ ಒಂದೇ ಊರಿನವರೂ ಬಂಧುಗಳೂ ಆದ ವಾದಿ, ಪ್ರತಿವಾದಿ ಇಬ್ಬರೂ ಹಾಳಾಗುತ್ತಾರೆ ಎಂಬುದೂ ಕಂಡಿತು. ಒಪ್ಪಿಸಿ ಪಂಚಾಯ್ತಿಗೆ ಕರೆತಂದರು. 37,000 ಪೌಂಡ್ ಮತ್ತು ಖರ್ಚು ಕೊಡಬೇಕೆಂದು ತೀರ್ಮಾನವಾಯಿತು. ಒಮ್ಮೆಗೇ ಕೊಡಬೇಕಾದರೆ ಸೋತವರು ದಿವಾಳಿ. ಅದಕ್ಕೂ ಗಾಂಧೀಜಿ ದಾರಿ ಹುಡುಕಿದರು, ದೀರ್ಘಾವಧಿಯ ಕಂತುಗಳಿಗೆ ದಾದಾ ಅಬ್ದುಲ್ಲಾ ಅವರನ್ನು ಒಪ್ಪಿಸಿದರು. ಲೆಕ್ಕದ ಪುಸ್ತಕ ಓದಿದ್ದು ಗೆಲುವು ಕೊಟ್ಟಿತು, ಜನರನ್ನು ಓದಿದ್ದು ಅದಕ್ಕಿಂತ ದೊಡ್ಡದನ್ನು ಕೊಟ್ಟಿತು ಎಂದು ನನಗನ್ನಿಸುತ್ತದೆ. ಡಾ. ಅಂಬೇಡ್ಕರ್ ಅವರೂ ಬ್ಯಾರಿಸ್ಟರ್ ಆಗಿದ್ದಂತೆಯೇ ಅರ್ಥಶಾಸ್ತ್ರಜ್ಞರು. 1923ರಲ್ಲಿ ರೂಪಾಯಿಯ ಸಮಸ್ಯೆಯ ಬಗ್ಗೆ ಗ್ರಂಥ ಪ್ರಕಟಿಸಿದರು, ಮರುವರ್ಷವೇ ದಲಿತರ ಏಳಿಗೆಗಾಗಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು.

ಸಮುದಾಯ ಸೇವೆ ಎಂದರೆ ಬಿಡುವಿನ ದಿನ ಮಾಡುವ ದಾನ ಎಂದು ಹಲವರ ಎಣಿಕೆ. ವಕೀಲರಿಗೆ ಅದು ಒಂದು ಬಗೆಯ ತರಬೇತಿ. ಶಾಂತಮ್ಮನವರು ಮೊದಲ ಭೇಟಿಯಲ್ಲೇ ಎಲ್ಲವನ್ನೂ ಹೇಳುವುದಿಲ್ಲ. ಖಾಲಿ ಚೆಕ್ಕಿಗೆ ಸಹಿ ಹಾಕಿದ್ದು ಗಂಡನಿಗೆ ಗೊತ್ತಿಲ್ಲದಿರಬಹುದು. ಹೋದ 38,000ದಲ್ಲಿ ಸಂಘದ ಹೆಂಗಸರ ಉಳಿತಾಯವೂ ಸೇರಿರಬಹುದು. ಹಳ್ಳಿಯ ಕಾನೂನು ಅರಿವು ಶಿಬಿರಗಳಲ್ಲಿ ಕೂತು ಬಂದ ವಕೀಲರಿಗೆ ಯಾವ ಮಾತನ್ನು ಯಾರ ಎದುರು ಕೇಳಬಾರದು ಎಂಬುದು ಗೊತ್ತಿರುತ್ತದೆ. ಒಂದೊಂದು ವಾಯಿದೆಗೆ ಬರುವುದೆಂದರೆ ಒಂದು ದಿನ ಅಂಗಡಿ ಮುಚ್ಚಬೇಕು ಎಂಬುದೂ ಗೊತ್ತಿರುತ್ತದೆ. ಆಗ ಅವರು ಲೋಕ ಅದಾಲತ್‌ನ ಬಗ್ಗೆ ಯೋಚಿಸುತ್ತಾರೆ. ಚೆಕ್ ಪ್ರಕರಣ ರಾಜಿಯಾಗಬಲ್ಲದ್ದು. 77,500ಕ್ಕೆ ಕಡಿಮೆ ಕಂತು, ಹೆಚ್ಚು ತಿಂಗಳು ಎಂದು ಎರಡೂ ಕಡೆ ಒಪ್ಪಿದರೆ ಆ ತೀರ್ಮಾನ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಅಪೀಲು ಇಲ್ಲದ್ದರಿಂದಲೇ, ಸಹಿ ಹಾಕುವ ಮೊದಲು ಲೆಕ್ಕ ಬಲ್ಲವರೊಬ್ಬರು ಪಕ್ಕದಲ್ಲಿರಬೇಕು.

ಈ ವ್ಯವಸ್ಥೆ ಉಪಕಾರದ್ದಲ್ಲ, ಹಕ್ಕಿನದು. ಸಂವಿಧಾನದ 39ಎ ವಿಧಿ ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯವೆನ್ನುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಅದಕ್ಕೆ ಅರ್ಹರು. ಶಕ್ತಿಯಿದ್ದಷ್ಟು ಬಡವರಿಗೆ ಉಚಿತ ನೆರವು ಕೊಡುವುದು ವಕೀಲರ ಅತಿ ದೊಡ್ಡ ಹೊಣೆಗಳಲ್ಲೊಂದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲೇ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಮಿತಿಗಳನ್ನೂ ಹೇಳಬೇಕು. ವಕೀಲರು ತಾವೇ ತಜ್ಞರಾಗಿ ನಿಲ್ಲುವಂತಿಲ್ಲ. ಸಾಕ್ಷಿಯಾಗಬೇಕಾಗಿ ಬರುವ ಪ್ರಕರಣದಲ್ಲಿ ವಕಾಲತ್ತು ವಹಿಸಬಾರದು. ತಮ್ಮ ಹಣದ ಹಿತಾಸಕ್ತಿ ಇರುವ ಮೊಕದ್ದಮೆ ನಡೆಸಬಾರದು. ವೃತ್ತಿಯಲ್ಲಿರುವಾಗ ಸ್ವತಃ ವ್ಯಾಪಾರ ನಡೆಸಬಾರದು ಎಂಬ ನಿಯಮವೂ ಇದೆ. ಹಾಗಾಗಿ ಹಣಕಾಸಿನ ಅನುಭವವೆಂದರೆ ಬಹುಪಾಲು ಹಿಂದೆ ಓದಿದ್ದು, ದುಡಿದದ್ದು. ಯಾವುದೇ ಪದವಿ ಪಡೆದವರು ಮೂರು ವರ್ಷದ ಎಲ್‌ಎಲ್‌ಬಿ ಓದಬಹುದಾದ್ದರಿಂದ ಎಂಜಿನಿಯರುಗಳೂ ಬ್ಯಾಂಕ್ ನೌಕರರೂ ಈ ವೃತ್ತಿಗೆ ಬರುತ್ತಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಐದು ವರ್ಷದ ಪದವಿ ಆರಂಭಿಸಿದಾಗ ಕಾನೂನಿನ ಜೊತೆಗೇ ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದಿಸಿದ್ದರ ಹಿಂದೆಯೂ ಇದೇ ತಿಳಿವಳಿಕೆ ಇತ್ತು. ಆದರೆ ಪದವಿಗಳ ಪಟ್ಟಿ ಉದ್ದವಿದ್ದ ಮಾತ್ರಕ್ಕೆ ಪಾಸ್‌ಬುಕ್ ತೆರೆಯುವ ತಾಳ್ಮೆ ಬರುವುದಿಲ್ಲ. ನನ್ನ ತೂಕ ತಾಳ್ಮೆಯ ಕಡೆಗೇ.

ಇಂಥ ಕಷ್ಟ ನಿಮಗೇ ಬಂದರೆ, ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ, ಫೋನನ್ನು ಅಳಿಸಬೇಡಿ. ಉಚಿತ ವಕೀಲರು ಬೇಕಾದರೆ 15100ಕ್ಕೆ ಕರೆ ಮಾಡಿ, ಇಲ್ಲವೇ ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಕಚೇರಿಗೆ ಹೋಗಿ. ವಕೀಲರ ಎದುರು ಕೂತಾಗ, ಮೂರೂ ವಸ್ತುಗಳನ್ನು ಒಟ್ಟಿಗೇ ಮೇಜಿನ ಮೇಲಿಡಿ. ಬಿ.ಕಾಂ. ಅಥವಾ ಎಂಜಿನಿಯರಿಂಗ್ ಮುಗಿಸಿ ಈಗ ಕಾನೂನು ಓದುತ್ತಿರುವ ತರುಣ ತರುಣಿಯರಲ್ಲಿ ಒಂದು ವಿನಂತಿ. ಸಮಿತಿಯ ವಕೀಲರ ಪಟ್ಟಿಗೆ ಸೇರಲು ಸಾಮಾನ್ಯವಾಗಿ ಮೂರು ವರ್ಷದ ಅನುಭವ ಬೇಕು. ಅರೆ ಕಾನೂನು ಸ್ವಯಂಸೇವಕರಾಗಲು ಅಷ್ಟು ಕಾಯಬೇಕಿಲ್ಲ, ವಿದ್ಯಾರ್ಥಿಯಾಗಿರುವಾಗಲೇ ಸೇರಬಹುದು. ನಿಮ್ಮ ಊರಿನ ಸಮಿತಿಯಲ್ಲಿ ಹೆಸರು ಕೊಡಿ.